ಕೂತುಬಿಟ್ಟ ಮೀನಿನ ಮನೆ

ಲಕ್ಷ್ಮೀಪತಿಯನ್ನು ಏನು ಬೇಕಾದರೂ ಕೇಳಬಹುದಿತ್ತು. ‘ಇದು ಹೆಂಗೆ ಕೆಲ್ಸ ಮಾಡ್ತದೆ?’ ಎಂದು ಮಾತ್ರ ಕೇಳಬಾರದಿತ್ತು. ಹಾಗೆ ಕೇಳಿದವರು ಬಸ್ಸು ತಪ್ಪಿಸಿಕೊಂಡಿದ್ದಾರೆ, ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡಿದ್ದಾರೆ. ಪಕ್ಕದ ಮನೆಯ ಕಮಲಮ್ಮ ಒಮ್ಮೆ ಬಾಯಿತಪ್ಪಿ ಕುಕ್ಕರಿನ ರಬ್ಬರಿನ ಬಗ್ಗೆ ಕೇಳಿ, ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಜನ ಕೈತೊಳೆಯುವ ಹೊತ್ತಿಗೆ ಹೋಗಿ ತಲುಪಿದ್ದಳು. ತಮಿಳುನಾಡಿನ ಗಡಿಯ ಹೊಸೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಇಪ್ಪತ್ತೆರಡು ವರ್ಷ ಫಿಟ್ಟರಾಗಿ ಸವೆದ ಮನುಷ್ಯ. ತನ್ನ ಕೈಯಲ್ಲಿ ಬಿಗಿಯಾಗದ ಬೋಲ್ಟು, ಸಡಿಲವಾಗದ ನಟ್ಟು ಈ ಭೂಮಿಯ ಮೇಲೆ ಇಲ್ಲ ಎಂಬುದು ಅವನ ಮತ. ಅದೇ ಇಪ್ಪತ್ತೆರಡು ವರ್ಷಗಳಲ್ಲಿ ಅವನ ಹೆಂಡತಿ ಚಂದ್ರಲೇಖಾ ಕಲಿತ ವಿದ್ಯೆ ಒಂದೇ: ಏನನ್ನೂ ಕೇಳದಿರುವುದು.

ಆದರೂ ಒಂದು ಸಲ ಕೇಳಿಬಿಟ್ಟಳು. ಕೇಳಿದ್ದು ಒಂದು ತಳ್ಳುಗಾಡಿ.

ಚಂದ್ರಲೇಖಾಳ ಮೀನಿನ ಮಸಾಲೆ ಅವರಿದ್ದ ಮೂಕಂಡಪಲ್ಲಿಯ ಮೂರು ಬೀದಿಗಳಲ್ಲಿ ಹೆಸರು ಮಾಡಿತ್ತು. ಭಾನುವಾರ ಅವಳ ಬಾಣಲೆ ಚೊರ್ ಎಂದರೆ ಎರಡನೆಯ ಶಿಫ್ಟಿಗೆ ಹೊರಟವರು ಬೈಕ್ ನಿಲ್ಲಿಸಿ ಮೂಗೆತ್ತಿ ನಿಲ್ಲುತ್ತಿದ್ದರು. ಬಾಗಲೂರಿನ ಆಚೆ ದೊಡ್ಡಕುಪ್ಪದ ಕೆರೆ ದಂಡೆಯಲ್ಲಿ ತಿಂಡಿ ಗಾಡಿಗಳಿಗೆ ಪಂಚಾಯ್ತಿಯವರು ಗೂಟ ನೆಟ್ಟು ಜಾಗ ಕೊಡುತ್ತಾರೆಂದು ಕೇಳಿ, ಗಂಡನಿಗೂ ಹೇಳದೆ ಅರ್ಜಿ ಹಾಕಿದಳು. ಮೂರನೆಯ ಗೂಟದ ಜಾಗ ಅವಳ ಹೆಸರಿಗೇ ಬಂತು. ಷರತ್ತು ಎರಡು. ಗಾಡಿಗೆ ಚಕ್ರ ಇರಬೇಕು, ವ್ಯಾಪಾರ ಶುರುವಾದ ಮೇಲೆ ದಿನಾ ಸಂಜೆ ವಾಪಸು ಹೋಗಬೇಕು. ಮತ್ತು ಆಯುಧಪೂಜೆಯ ದಿನ ಹೊತ್ತು ಮುಳುಗುವ ಮುಂಚೆ ಗಾಡಿ ಗೂಟದ ಮುಂದೆ ನಿಂತಿರಬೇಕು. ತಪ್ಪಿದರೆ ಜಾಗ ಪಟ್ಟಿಯಲ್ಲಿ ಅವಳ ನಂತರ ಇರುವ ಮುನಿವೆಂಕಟಪ್ಪನ ಕಬ್ಬಿನ ಹಾಲಿನ ಗಾಡಿಗೆ.

ಆ ಕಾಗದವನ್ನು ಅವಳು ಮದುವೆಯ ಸೀರೆಯ ಮಡಿಕೆಯಲ್ಲಿಟ್ಟು ಎರಡು ದಿನ ಆಗಾಗ ತೆಗೆದು ನೋಡಿದಳು. ತನ್ನ ಹೆಸರಿಗೆ ಸರ್ಕಾರದ ಮೊಹರು ಬಿದ್ದದ್ದು ಅದೇ ಮೊದಲು. ಆಮೇಲೆ ಗಂಡನ ಮುಂದೆ ಹೋಗಿ, “ರೀ, ನಾಲ್ಕು ಚಕ್ರದ್ದೋ ಎರಡು ಚಕ್ರದ್ದೋ, ಒಂದು ತಳ್ಳುಗಾಡಿ ಮಾಡ್ಕೊಡ್ತೀರಾ?” ಎಂದಳು.

ಲಕ್ಷ್ಮೀಪತಿ ಕನ್ನಡಕ ತೆಗೆದ. ಅವನು ಕನ್ನಡಕ ತೆಗೆದನೆಂದರೆ ದೊಡ್ಡ ಮಾತು ಬರುತ್ತದೆಂದು ಅರ್ಥ.

“ತಳ್ಳುಗಾಡಿ ಯಾವನ್ ಬೇಕಾದ್ರೂ ಮಾಡ್ತಾನೆ. ನಾನು ಮನೆ ಮಾಡ್ತೀನಿ.”

ಅವನು ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದ. ಯಾವುದೋ ಹಿಮದ ದೇಶ. ಕೆರೆಗೆ ಕೆರೆಯೇ ಕಲ್ಲಿನಂತೆ ಹೆಪ್ಪುಗಟ್ಟಿದೆ. ಅದರ ಮೇಲೆ ಚಕ್ರದ ಮನೆಯನ್ನು ಎಳೆದುಕೊಂಡು ಬಂದು, ಒಂದು ಹ್ಯಾಂಡಲ್ ತಿರುಗಿಸಿದರೆ ಚಕ್ರ ಮೇಲೆ ಹೋಗುತ್ತದೆ, ಮನೆ ಐಸಿನ ಮೇಲೆ ಕೂರುತ್ತದೆ. ನೆಲದಲ್ಲೊಂದು ತೂತು. ಜನ ಒಳಗೆ ಬೆಚ್ಚಗೆ ಕೂತು ತೂತಿನಲ್ಲಿ ಗಾಳ ಬಿಡುತ್ತಾರೆ. ಸಂಜೆ ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದರೆ ಚಕ್ರ ಕೆಳಗಿಳಿದು ಮನೆ ಏಳುತ್ತದೆ, ಹೊರಟುಹೋಗುತ್ತದೆ.

“ನಮ್ ಕೆರೆ ಹೆಪ್ಪುಗಟ್ಟಲ್ವಲ್ರೀ,” ಎಂದಳು ಚಂದ್ರಲೇಖಾ.

“ಕಟ್ಟಿದ್ರೆ? ನಾವು ರೆಡಿ ಇರ್ಬೇಕು.”

“ಆ ತೂತು?”

“ಡಿಸೈನಲ್ಲೈತೆ. ತೆಗ್ಯಕ್ಕಾಗಲ್ಲ.”

ನಾಲ್ಕು ತಿಂಗಳ ಭಾನುವಾರಗಳನ್ನು ತಿಂದು ಮನೆ ಎದ್ದಿತು. ತಗಡಿನ ಮೈ, ಕಡು ಹಸಿರು ಬಣ್ಣ. ಎರಡು ಪಕ್ಕದಲ್ಲೂ ಚಕ್ರ ಮಡಚಿಕೊಂಡು ಹೋಗಿ ಕೂರಲು ಒಂದೊಂದು ಪೆಟ್ಟಿಗೆ. ಹ್ಯಾಂಡಲ್ ಒಳಗಿನ ಮೂಲೆಯಲ್ಲಿ, ದಾರಿಹೋಕರು ಕೈಯಾಡಿಸಬಾರದೆಂದು. ಮುಂದಿನ ಕಿಟಕಿಗೆ ಬೆಕ್ಕು ನುಗ್ಗದಂತೆ ಬೆರಳು ದಪ್ಪದ ಕಂಬಿಗಳ ಜಾಲರಿ. ತಟ್ಟೆ ಈಚೆಗೆ ಕೊಡಲು ಅದರ ನಡುವೆ ಕೈ ಹಿಡಿಯುವಷ್ಟು ಕಿಂಡಿ. ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ‘ಎಲ್.ಪಿ. - 01’. ಅವನ ಕಾರ್ಖಾನೆಯಲ್ಲಿ ನಂಬರಿಲ್ಲದ ಯಂತ್ರವೇ ಇಲ್ಲ.

ಅದನ್ನು ನೋಡಲು ಬಂದ ಕಮಲಮ್ಮ ಗಲ್ಲಕ್ಕೆ ಕೈಹಚ್ಚಿ, “ಅಯ್ಯೋ, ಏನ್ ಚೆಂದಾಗೈತೆ! ಇನ್ನು ನೀನು ನಮ್ ಕೈಗೆಲ್ಲಿ ಸಿಗ್ತೀಯ ಬಿಡು ಚಂದ್ರಾ,” ಎಂದು ಹೋದ ಅರ್ಧ ಗಂಟೆಗೆ ಡ್ರಿಲ್ಲಿಂಗ್ ಮೆಷಿನ್ ಸುಟ್ಟುಹೋಯಿತು. ಕಣ್ಣು ಬಿತ್ತು ಎಂದುಕೊಂಡಳು ಚಂದ್ರಲೇಖಾ. ಆಯುಧಪೂಜೆಯ ಬೆಳಗ್ಗೆ ಗಂಡ ಸ್ನಾನಕ್ಕೆ ಹೋದಾಗ ಒಂದು ತೆಂಗಿನಕಾಯಿಯನ್ನು ಹಳದಿ ಬಟ್ಟೆಯಲ್ಲಿ ಗಂಟುಕಟ್ಟಿ, ‘ಮೊದಲ ವ್ಯಾಪಾರ ಆದ ಕೂಡ್ಲೆ ಒಡೀತೀನಿ ತಾಯಿ’ ಎಂದು ಹೇಳಿಕೊಂಡು, ಎಡಗಡೆಯ ಚಕ್ರದ ಪೆಟ್ಟಿಗೆಯೊಳಗೆ ಯಾರ ಕಣ್ಣಿಗೂ ಬೀಳದ ಹಾಗೆ ತೂಗುಹಾಕಿದಳು. ಯಂತ್ರದ ಹೊರಗೆ ಕುಂಕುಮ ಹಚ್ಚಬಹುದು, ಒಳಗೆ ಗ್ರೀಸ್ ಬಿಟ್ಟು ಬೇರೇನೂ ಸೇರಬಾರದು ಎಂಬುದು ಗಂಡನ ಕಟ್ಟಳೆ. ಆದ್ದರಿಂದ ಅವನಿಗೆ ಹೇಳುವ ಪ್ರಶ್ನೆಯೇ ಇರಲಿಲ್ಲ. ಆಮೇಲೆ ಒಳ್ಳೆಯ ಗೃಹಿಣಿಯ ಹಾಗೆ, ಅವನ ಚೀಲದಲ್ಲಿದ್ದ ಸ್ಪ್ಯಾನರು, ಸುತ್ತಿಗೆ, ಇಕ್ಕಳ, ಜಾಕಿ ಎಲ್ಲವನ್ನೂ ತೆಗೆದು ದೇವರ ಮುಂದೆ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟಳು. ಚೀಲದಲ್ಲಿ ಅಳತೆಯ ಟೇಪೊಂದು ಉಳಿಯಿತು.

ಬಾಗಲೂರಿನ ಭೈರೇಶ್ ಟ್ರಾಕ್ಟರ್ ತಂದ. ಬಂದವನೇ ಹೇಳಿದ: “ಅಣ್ಣಾ, ಹನ್ನೊಂದಕ್ಕೆ ಗಾಡಿ ನಮ್ಮನೆ ಮುಂದಿರ್ಬೇಕು. ತೊಳ್ದು ಪೂಜೆ ಆಯ್ತು ಅಂದ್ರೆ ನಾಳೆ ಗಂಟ ದೇವರೇ ಬಂದ್ರೂ ಸ್ಟಾರ್ಟ್ ಮಾಡಲ್ಲ.”

“ಹತ್ತೂವರೆಗೆ ಕೆರೆ ಹತ್ರ ಇರ್ತೀವಿ, ನಡಿ,” ಎಂದ ಲಕ್ಷ್ಮೀಪತಿ.

ಮಸಾಲೆಯ ಪಾತ್ರೆ, ಎಣ್ಣೆಯ ಡಬ್ಬ, ಐಸ್ ತುಂಬಿದ ಪೆಟ್ಟಿಗೆ ಉರುಳದಂತೆ ಹಿಡಿದುಕೊಂಡು ಚಂದ್ರಲೇಖಾ ಒಳಗೆ ಕೂತಳು. ಮೀನು ಮರುದಿನ ವಿಜಯದಶಮಿಯ ಬೆಳಗ್ಗೆ ಬರುವುದಿತ್ತು. ಹತ್ತಕ್ಕೆ ಹತ್ತು ನಿಮಿಷ ಇರುವಾಗ ದೊಡ್ಡಕುಪ್ಪದ ಬಸ್‌ಸ್ಟ್ಯಾಂಡ್ ಬಂತು. ಎದುರಿಗೆ ಹೆಣ್ಣುಮಕ್ಕಳ ಶಾಲೆ, ಪಕ್ಕದಲ್ಲಿ ಟೀ ಅಂಗಡಿ, ರಸ್ತೆಯಾಚೆ ಮುನಿಯಲ್ಲಪ್ಪನ ಬೈಕ್ ರಿಪೇರಿ ಅಂಗಡಿ. ಅಲ್ಲಿಂದ ಕೆರೆಗೆ ಒಂದೇ ಕಿಲೋಮೀಟರು, ಅದೂ ಇಳಿಜಾರು. ಭೈರೇಶ್ ಟೀ ಕುಡಿಯಲು ನಿಲ್ಲಿಸಿದ.

ಟೀ ಅಂಗಡಿಯ ಬೆಂಚಿನ ಮೇಲಿಂದ ಯಾರೋ ಕೇಳಿದರು: “ಇದೇನ್ ಸಾರ್ ಚಕ್ರದ ಮೇಲೆ ಡಬ್ಬಿ? ಹೆಂಗೆ ಕೆಲ್ಸ ಮಾಡ್ತದೆ ಇದು?”

ಒಳಗೆ ಚಂದ್ರಲೇಖಾ ಕಣ್ಣು ಮುಚ್ಚಿಕೊಂಡಳು.

“ಭೈರೇಶಾ, ಕೊಂಡಿ ಬಿಚ್ಚು. ಎರಡೇ ನಿಮಿಷ,” ಎಂಬ ಗಂಡನ ಧ್ವನಿ ಕೇಳಿಸಿತು. ಅವನು ಎರಡೂ ಪಕ್ಕದ ಪಿನ್ನು ಎಳೆದು, ನೆರೆದವರತ್ತ ತಿರುಗಿ, ಕಂಪನಿಗೆ ಬಂದ ವಿದೇಶಿಯರಿಗೆ ಯಂತ್ರ ತೋರಿಸುವ ಮ್ಯಾನೇಜರನ ಹಾಗೆ ಕೈ ಬೀಸಿದ. “ಚಂದ್ರಾ, ತಿರುಗ್ಸು!”

ಅವಳು ತಿರುಗಿಸಿದಳು. ಚಕ್ರಗಳು ಪೆಟ್ಟಿಗೆಯೊಳಕ್ಕೆ ಸರಿದವು. ಮನೆ ಮೊಟ್ಟೆಗೆ ಕೂರುವ ಕೋಳಿಯ ಹಾಗೆ ಮೈ ಅಗಲಿಸಿ ನಿಧಾನಕ್ಕೆ ನೆಲದ ಮೇಲೆ ಕೂತಿತು. ಬೆಂಚಿನವರು ಚಪ್ಪಾಳೆ ತಟ್ಟಿದರು.

“ಈಗ ನೋಡಿ, ಏಳ್ತದೆ! ಚಂದ್ರಾ, ಹಿಂದಕ್ಕೆ!”

ಹ್ಯಾಂಡಲ್ ಕಾಲು ಸುತ್ತು ತಿರುಗಿತು. ಎಡಗಡೆ ಏನೋ ‘ಕಟಕ್’ ಎಂದಿತು. ಅಷ್ಟೇ. ಅವಳು ಎರಡೂ ಕೈ ಹಾಕಿದಳು, ಕಾಲು ಕೊಟ್ಟು ಒತ್ತಿದಳು. ಮನೆ ಏಳಲಿಲ್ಲ. ಬಾಗಿಲು ತೆಗೆದು ಹೊರಗೆ ಬರೋಣವೆಂದರೆ ಅದರ ಕೆಳಗಿನ ಅಂಚು ರಸ್ತೆಯ ಉಬ್ಬಿಗೆ ಕಚ್ಚಿಕೊಂಡಿತ್ತು. ಉಳಿದದ್ದು ನೆಲದ ತೂತು. ಅದರ ಮುಚ್ಚಳ ತೆಗೆದರೆ ಕೆಳಗೆ ದೊಡ್ಡಕುಪ್ಪದ ಕೆಂಪು ಮಣ್ಣು ಕಾಣಿಸಿತು, ಮೀನಂತೂ ಕಾಣಲಿಲ್ಲ.

‘ಕಟಕ್’ ಎಂಬ ಸದ್ದು ಕೇಳಿದ ಕ್ಷಣದಲ್ಲೇ ಚಂದ್ರಲೇಖಾಳಿಗೆ ಗೊತ್ತಾಗಿತ್ತು. ಎಡಗಡೆ. ಹಳದಿ ಬಟ್ಟೆ. ಮೇಲೆ ಹೋದ ಚಕ್ರದ ತೋಳಿಗೂ ಪೆಟ್ಟಿಗೆಗೂ ನಡುವೆ ಕಾಯಿ ಬೆಣೆಯ ಹಾಗೆ ಕೂತಿದೆ. ಅವಳು ಕಿಂಡಿಗೆ ಬಾಯಿಟ್ಟು, “ರೀ, ಎಡಗಡೆ...” ಎಂದಳು.

“ನಂಗೊತ್ತು ಸುಮ್ನಿರು. ಬೇರಿಂಗು,” ಎಂದ ಲಕ್ಷ್ಮೀಪತಿ.

ಭೈರೇಶ್ ಗಡಿಯಾರ ನೋಡಿಕೊಂಡ. ಟೀ ಲೋಟ ಇಟ್ಟ. “ಅಣ್ಣಾ, ಬತ್ತೀನಿ,” ಎಂದವನು ಟ್ರಾಕ್ಟರ್ ಹತ್ತಿ ಹೋಗೇಬಿಟ್ಟ.

ಲಕ್ಷ್ಮೀಪತಿ ಚೀಲ ತೆರೆದು ಟೇಪು ನೋಡಿದ. ಟೇಪನ್ನು ಎಳೆದು ಮನೆಯ ಎತ್ತರ ಅಳೆದ. ಅಳೆದದ್ದರಿಂದ ಏನೂ ಆಗಲಿಲ್ಲ. ರಸ್ತೆ ದಾಟಿ ಮುನಿಯಲ್ಲಪ್ಪನ ಅಂಗಡಿಗೆ ಓಡಿದ. ಕಿಂಡಿಯಿಂದ ಚಂದ್ರಲೇಖಾಳಿಗೆ ಎಲ್ಲ ಕಾಣುತ್ತಿತ್ತು. ಅಂಗಡಿಯ ಮುಂದೆ ಕುಂಬಳಕಾಯಿ ಒಡೆದಿತ್ತು. ಒಳಗೆ ಬೆಂಚಿನ ಮೇಲೆ ಇಪ್ಪತ್ತು ಸ್ಪ್ಯಾನರುಗಳು ಸೈಜಿನ ಪ್ರಕಾರ, ಮದುವಣಗಿತ್ತಿಯರ ಹಾಗೆ ಹಣೆಗೆ ಕುಂಕುಮವಿಟ್ಟುಕೊಂಡು ಮಲಗಿದ್ದವು.

“ಒಂದು ಹದಿನಾಲ್ಕು-ಹದಿನೈದು ಸ್ಪ್ಯಾನರು ಕೊಡಿ. ಐದೇ ನಿಮಿಷ.”

“ಪೂಜೆಗಿಟ್ಟಿದ್ದೀನಿ ಸಾಮಿ.”

“ಒಂದು ಕಬ್ಬಿಣದ ರಾಡು?”

“ಅದ್ಕೂ ಹೂವಿಟ್ಟಿದ್ದೀನಿ.”

“ಜಾಕಿ?”

ಮುನಿಯಲ್ಲಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ. “ವರ್ಷದಾಗೆ ಮುನ್ನೂರ ಅರವತ್ನಾಲ್ಕು ದಿನ ಅದು ನಂಗೆ ದುಡೀತದೆ. ಒಂದಿನ ಮಲಗಿರ್ಲಿ ಬಿಡಿ ಅಂದ್ರೆ! ನೀವೂ ಮೆಷಿನ್ ಕೆಲ್ಸದೋರಂತೆ, ನಿಮ್ ಜಾಕಿ ಎಲ್ಲೈತೆ?”

ಲಕ್ಷ್ಮೀಪತಿಯ ಜಾಕಿ ಮೂಕಂಡಪಲ್ಲಿಯಲ್ಲಿ ಕಣಗಿಲೆ ಹೂ ಮುಡಿದುಕೊಂಡಿತ್ತು. ಅವನು ವಾಪಸು ಬಂದ. ಆ ದಿನ ಕೃಷ್ಣಗಿರಿಯಿಂದ ತಳಿ ಊರಿನವರೆಗೆ ಹುಡುಕಿದರೂ ದುಡಿಯುವ ಒಂದು ಸ್ಪ್ಯಾನರು ಸಿಕ್ಕುವಂತಿರಲಿಲ್ಲ.

“ರೀ, ಎಡಗಡೆ ಪೆಟ್ಗೇಲಿ...” ಎಂದಳು ಚಂದ್ರಲೇಖಾ, ಎರಡನೆಯ ಸಲ.

“ಒಳಗೆ ಕೂತ್ಕೊಂಡು ನಿಂಗೇನ್ ಕಾಣ್ತದೆ? ನಾನು ಹೊರಗಿದ್ದೀನಿ.”

ಹೀಗೇ ಮಧ್ಯಾಹ್ನ ಎರಡಾಯಿತು. ಆಗ ಆವುಲಪ್ಪ ಬಂದ.

ದೊಡ್ಡಕುಪ್ಪದ ಸರ್ಕಾರಿ ಸಾರಾಯಿ ಅಂಗಡಿಯನ್ನು ಎರಡು ವರ್ಷದ ಹಿಂದೆ ಊರಿನ ಹೆಂಗಸರು ಕೂತು, ಮಲಗಿ, ರಸ್ತೆ ತಡೆದು ಎತ್ತಿಸಿದ್ದರು. ಅಂದಿನಿಂದ ಅರವತ್ತೈದರ ಆವುಲಪ್ಪ ಪ್ರತಿ ಮಧ್ಯಾಹ್ನ ಪಕ್ಕದೂರಿನ ಅಂಗಡಿಗೆ ಆರು ಕಿಲೋಮೀಟರ್ ನಡೆದುಹೋಗಿ, ಸಂಜೆ ಒಂಬತ್ತು ಕಿಲೋಮೀಟರ್ ನಡೆದು ಬರುತ್ತಿದ್ದ. ವಾಪಸು ಬರುವಾಗ ರಸ್ತೆ ಹೇಗೆ ಉದ್ದವಾಗುತ್ತದೆಂಬುದು ಅವನಿಗೂ ಬಗೆಹರಿದಿರಲಿಲ್ಲ. ಇವತ್ತು ಹೊರಟವನು ಬಸ್‌ಸ್ಟ್ಯಾಂಡಿನಲ್ಲಿ ನಿಂತುಬಿಟ್ಟ. ಹಸಿರು ತಗಡಿನ ಕೋಣೆ. ದಪ್ಪ ಕಂಬಿ. ಕೈ ಹಿಡಿಯುವಷ್ಟು ಕಿಂಡಿ. ಮೇಲೊಂದು ನಂಬರು. ಸರ್ಕಾರಿ ಸಾರಾಯಿ ಅಂಗಡಿಯ ಈ ಲಕ್ಷಣಗಳನ್ನು ಅವನು ನಿದ್ದೆಯಲ್ಲೂ ಗುರುತಿಸಬಲ್ಲ.

ಅವನು ಚಪ್ಪಲಿ ಬಿಟ್ಟು, ಕಿಂಡಿಯ ಕೆಳಗೆ ಜೋಡಿಸಿಟ್ಟು, ಅದರ ಹಿಂದೆ ನಿಂತ. ಅಲ್ಲಿಗೆ ಸಾಲು ಶುರುವಾಯಿತು.

ಹತ್ತು ನಿಮಿಷದಲ್ಲಿ ಹನ್ನೆರಡು ಜನ. ಅರ್ಧ ಗಂಟೆಯಲ್ಲಿ ಸಾಲು ಶಾಲೆಯ ಗೇಟು ಮುಟ್ಟಿತು. ಕೆಲವರು ತಾವು ಬಾರದೆ ಚಪ್ಪಲಿಯನ್ನೋ ಚೀಲವನ್ನೋ ಕಳಿಸಿದ್ದರು.

“ಓಪನ್ ಎಷ್ಟೊತ್ತಿಗಮ್ಮಾ?” ಎಂದು ಆವುಲಪ್ಪ ಕಿಂಡಿಗೆ ಬಗ್ಗಿ ಮರ್ಯಾದೆಯಿಂದ ಕೇಳಿದ.

“ನಾಳೆ ಬೆಳಗ್ಗೆ,” ಎಂದಳು ಚಂದ್ರಲೇಖಾ. ಮೀನಿನ ಮಾತಿಗೆ ಅದು ಸತ್ಯವೇ.

“ನಾಳೆ ಬೆಳಗ್ಗೆಯಂತೆ!” ಎಂದು ಆವುಲಪ್ಪ ಹಿಂದಕ್ಕೆ ಕೂಗಿದ. “ಯಾರೂ ಜಾಗ ಬಿಡ್ಬೇಡ್ರಲಾ!”

ಲಕ್ಷ್ಮೀಪತಿಗೆ ಈ ಜನ ತನ್ನ ಯಂತ್ರ ನೋಡಲು ಬಂದವರೆಂದು ಹೆಮ್ಮೆಯಾಯಿತು. “ನೋಡಪ್ಪಾ, ನೀವೊಂದು ಹತ್ತು ಜನ ಕೈ ಹಾಕಿದ್ರೆ ಎತ್ತಬೋದು. ಬನ್ನಿ.”

“ಎತ್ತಕ್ಕೋದ್ರೆ ಲೈನ್ ಹೋಯ್ತದೆ,” ಎಂದ ಎರಡನೆಯವನು.

“ಇದು ಐಸ್ ಮೇಲೆ ಇಡೋ ಮನೆ ಕಣಪ್ಪಾ. ಅಸಲು ಕೆಲ್ಸ ಐಸಿಂದೇ...”

“ಐಸೂ ಕೊಡ್ತಾರಂತೆ!” ಸುದ್ದಿ ಸಾಲಿನ ಕೊನೆಯವರೆಗೆ ಓಡಿತು. ಅಷ್ಟರಲ್ಲಿ ಒಳಗಿನ ಮಸಾಲೆಯ ವಾಸನೆ ಬಿಸಿಲಿಗೆ ಎದ್ದು ಕಿಂಡಿಯಿಂದ ಹೊರಬಿತ್ತು. ಆವುಲಪ್ಪನ ಕಣ್ಣು ತೇವವಾಯಿತು. “ನಂಚಿಕೊಳ್ಳಕ್ಕೂ ಮಾಡ್ತಾವ್ರೆ. ಸರ್ಕಾರ ಕಣ್ತೆಗೀತು ಕಣ್ಲಾ.”

ಈ ಸುದ್ದಿ ಮುನಿರತ್ನಮ್ಮನ ಮನೆ ತಲುಪಿದಾಗ ಅವಳು ಒರಳಿಗೆ ಕುಂಕುಮ ಹಚ್ಚುತ್ತಿದ್ದಳು. ದೊಡ್ಡಕುಪ್ಪದ ಮಹಿಳಾ ಸಂಘದ ಅಧ್ಯಕ್ಷೆ. ಎರಡು ವರ್ಷದ ಹಿಂದೆ ಲಾರಿಯ ಮುಂದೆ ಅಡ್ಡ ಮಲಗಿ, ಡ್ರೈವರನು ಇಳಿದು ಕೈಮುಗಿಯುವವರೆಗೆ ಏಳದವಳು. ಅಂದು ಪೊರಕೆ ಹಿಡಿದು ಗೆದ್ದಿದ್ದಳು. ಇಂದೂ ಪೊರಕೆಗೆ ಕೈಹಾಕಿದಳು. ಪೊರಕೆಗೂ ಬೆಳಗ್ಗೆಯೇ ಪೂಜೆಯಾಗಿತ್ತು. ಒನಕೆ ನೋಡಿದಳು, ಅದರ ಕುತ್ತಿಗೆಗೆ ಸೇವಂತಿಗೆ. ಹೀಗಾಗಿ ಮೂವತ್ತು ಹೆಂಗಸರ ಸೈನ್ಯ ಬರಿಗೈಯಲ್ಲೇ ಬಸ್‌ಸ್ಟ್ಯಾಂಡಿಗೆ ಬಂತು. ಇವರು ಬರುವುದನ್ನು ಕಂಡು ಆವುಲಪ್ಪನ ಹಿಂದಿನ ನಾಲ್ವರು ಚಪ್ಪಲಿಯನ್ನಷ್ಟೇ ಸಾಲಿನಲ್ಲಿ ಬಿಟ್ಟು ಮರದ ಹಿಂದಕ್ಕೆ ಹೋದರು.

“ಯಾವನ್ಲಾ ಇದ್ರ ಓನರು?” ಎಂದಳು ಮುನಿರತ್ನಮ್ಮ.

“ನಾನೇ,” ಎಂದು ಲಕ್ಷ್ಮೀಪತಿ ನಗುತ್ತ ಮುಂದೆ ಬಂದ. “ಹೆಂಗೆ ಕೆಲ್ಸ ಮಾಡ್ತದೆ ಅಂತ ಹೇಳ್ತೀನಿ ಬನ್ನಿ.”

“ಹೆಂಗ್ ಕೆಲ್ಸ ಮಾಡ್ತದೆ ಅಂತ ನಮ್ ಗಂಡುಸ್ರನ್ನ ನೋಡಿದ್ರೆ ಗೊತ್ತಾಯ್ತದೆ! ಇಸ್ಕೂಲ್ ಮುಂದೆ ತಂದು ಇಕ್ಕಿದ್ದೀಯಲ್ಲ, ನಾಚ್ಕೆ ಆಗಲ್ವಾ? ಅದ್ರಾಗೆ ಒಂದು ಹೆಂಗ್ಸನ್ನ ಬೀಗ ಹಾಕಿ ಕೂರ್ಸವ್ನೆ, ನೋಡ್ರೇ!”

“ಬೀಗ ಅಲ್ಲ. ಬಾಗ್ಲು ತೆಗ್ಯಕ್ಕಾಗ್ತಿಲ್ಲ.”

“ತೆಗ್ಯಕ್ಕಾಗ್ದಂಗೆ ಮಾಡವ್ನಂತೆ!”

“ಅಮ್ಮಾ, ಇದು ಮೀನಿನ ಮನೆ!”

“ಮೀನೆಲ್ಲಿ? ತೋರ್ಸು.”

“ಮೀನು ನಾಳೆ ಬತ್ತದೆ.”

“ಏನೈತೆ ಒಳಗೆ?”

“ಈಗ... ಐಸು, ಮಸಾಲೆ.” ಲಕ್ಷ್ಮೀಪತಿ ಪ್ರಾಮಾಣಿಕ. ಯಂತ್ರದ ವಿಷಯದಲ್ಲಿ ಸುಳ್ಳು ಹೇಳುವವನಲ್ಲ. “ಮತ್ತೆ ನೆಲದಲ್ಲಿ ಒಂದು ತೂತು.”

“ಪೋಲೀಸ್ರು ಬಂದ್ರೆ ಬಾಟ್ಲು ಇಳಿಸಕ್ಕೆ ತೂತು ಬೇರೆ ಮಡಗವ್ನೆ!” ಎಂದು ಹಿಂದಿನಿಂದ ಚೆಲುವಮ್ಮ ಎಂಬ ಮುದುಕಿ ಕೂಗಿದಳು. ಅವಳಿಗೆ ಕಿವಿ ಚೆನ್ನಾಗಿತ್ತು, ಊಹೆ ಅದಕ್ಕಿಂತ ಚೆನ್ನಾಗಿತ್ತು.

ಗಲಾಟೆಗೆ ಗ್ರಾಮಾಧಿಕಾರಿ ಯತಿರಾಜ್ ಬಂದರು. ಹಬ್ಬದ ರಜೆ, ಬೈಕಿಗೆ ಪೂಜೆ ಮಾಡಿಸಿ ನಿಂಬೆಹಣ್ಣಿನ ಮೇಲೆ ಹತ್ತಿಸಲು ತಳ್ಳಿಕೊಂಡು ಹೊರಟವರು, ಹಣೆಯಲ್ಲಿ ಗಂಧ, ಕೈಯಲ್ಲಿ ಎರಡು ನಿಂಬೆಹಣ್ಣು. ಮಾತು ತಮಿಳಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವುದು ಅವರ ಪದ್ಧತಿ. “ಎನ್ನಯ್ಯಾ ಇದು? ಪರ್ಮಿಷನ್ ಐತಾ?”

“ಐತೆ ಸಾರ್!” ಲಕ್ಷ್ಮೀಪತಿ ಕಿಂಡಿಗೆ ಕೈಚಾಚಿದ. ಚಂದ್ರಲೇಖಾ ಮಡಿಸಿದ ಕಾಗದ ಕೊಟ್ಟಳು. ಯತಿರಾಜ್ ಕನ್ನಡಕ ಹಾಕಿಕೊಂಡು ಓದಿದರು. ಕಾಗದ ತಮಿಳಿನಲ್ಲಿತ್ತು. ಅವರು ಮುಖ್ಯ ಮಾತನ್ನಷ್ಟೇ ಗಟ್ಟಿಯಾಗಿ ಹೇಳಿದರು: “ವ್ಯಾಪಾರಕ್ಕೆ ಸರ್ಕಾರದ ಅನುಮತಿ ಐತೆ. ಮೊಹರೂ ಐತೆ.”

ಸಾಲಿನಿಂದ ಶಿಳ್ಳೆ ಬಂತು. ಮರದ ಹಿಂದಿನವರು ವಾಪಸು ಬಂದರು. ಹೆಂಗಸರು ಸರ್ಕಾರಕ್ಕೆ ಶಾಪ ಹಾಕಿದರು.

“ಕೇಳ್ರೀ, ಇರ್ರೀ!” ಯತಿರಾಜ್ ನಿಂಬೆಹಣ್ಣು ಎತ್ತಿ ಹಿಡಿದು ಶಾಂತಿ ಕೋರಿದರು. “ಆದ್ರೆ ಚಕ್ರದ ಗಾಡಿಗೆ ಅನುಮತಿ. ಜಾಗವೂ ಕೆರೆ ಹತ್ರ. ಇಲ್ಲಿ ಚಕ್ರವೇ ಕಾಣ್ತಿಲ್ಲ. ಚಕ್ರ ಕೆಳಗಿದ್ರೆ ವಾಹನ; ಚಕ್ರ ಮೇಲಿದ್ರೆ ಕಟ್ಟಡ. ಕಟ್ಟಡ ಆದ್ರೆ ರಸ್ತೆ ಒತ್ತುವರಿ, ನಾನು ರಿಪೋರ್ಟ್ ಹಾಕ್ಬೇಕಾಯ್ತದೆ. ಹೊತ್ತು ಮುಳುಗೋ ಹೊತ್ತಿಗೆ ಇದು ಕೆರೆ ಹತ್ರ ಮೂರನೇ ಗೂಟದ ಮುಂದಿಲ್ದಿದ್ರೆ ಅನುಮತಿಯೂ ರದ್ದು.”

“ಚಕ್ರ ಐತೆ ಸಾರ್, ಒಳಗೈತೆ!”

“ಒಳಗಿರೋ ಚಕ್ರನ ನಾನು ಹೆಂಗೆ ಎಣಿಸ್ಲಿ?”

ಆಗ ಗಂಟೆ ನಾಲ್ಕಾಗಿತ್ತು. ರಸ್ತೆಯ ಆ ಬದಿಯಲ್ಲಿ ಕಬ್ಬಿನ ಹಾಲಿನ ಮುನಿವೆಂಕಟಪ್ಪ ತನ್ನ ಗಾಡಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಹಲ್ಲುಕಡ್ಡಿ ಹಾಕಿಕೊಳ್ಳುತ್ತ ಪಡುವಣದ ಕಡೆ ನೋಡುತ್ತಿದ್ದ. ಸೂರ್ಯನಿಗೆ ಅಷ್ಟು ಒಳ್ಳೆಯ ಕಾವಲುಗಾರ ಹಿಂದೆಂದೂ ಸಿಕ್ಕಿರಲಿಲ್ಲ.

ಲಕ್ಷ್ಮೀಪತಿ ನೆಲದ ಮೇಲೆ ಮಲಗಿ, ಪೆಟ್ಟಿಗೆಗೆ ಕಿವಿಗೊಟ್ಟು, ಬೆರಳಿನಿಂದ ಬಡಿದು, “ವೈರ್ ರೋಪ್ ಸಿಕ್ಕಾಕ್ಕೊಂಡೈತೆ. ಇಲ್ಲ, ಪುಲ್ಲಿ. ಇಲ್ಲ, ವೆಲ್ಡಿಂಗು ಶಾಖಕ್ಕೆ ಹಿಗ್ಗೈತೆ,” ಎಂದು ಒಂದಾದ ಮೇಲೊಂದು ಕಾರಣ ಹುಡುಕುತ್ತಿದ್ದ. ಅವನು ಬಡಿಯುತ್ತಿದ್ದದ್ದು ಬಲಗಡೆಯ ಪೆಟ್ಟಿಗೆ.

ಕಿಂಡಿಯಿಂದ ಅವನ ಬೆನ್ನು ಕಾಣುತ್ತಿತ್ತು. ಹಬ್ಬದ ಬಿಳಿ ಅಂಗಿಯ ತುಂಬ ಕೆಂಪು ಮಣ್ಣು. ಚಂದ್ರಲೇಖಾಳಿಗೆ ಅಯ್ಯೋ ಅನ್ನಿಸಿತು. ಆಮೇಲೆ ಮುನಿವೆಂಕಟಪ್ಪನ ಹಲ್ಲುಕಡ್ಡಿ ಕಂಡಿತು. ಸೀರೆಯ ಮಡಿಕೆಯ ವಾಸನೆ ಹತ್ತಿದ ಆ ಕಾಗದ ಈಗ ಅಧಿಕಾರಿಯ ಕೈಯಲ್ಲಿ ಬೆವರಿಗೆ ಒದ್ದೆಯಾಗುತ್ತಿತ್ತು. ಮೂರನೆಯ ಸಲ, ಗಂಟಲು ಬಿಟ್ಟು ಹೇಳಿದಳು:

“ರೀ! ಎಡಗಡೆ ಪೆಟ್ಗೇಲಿ ತೆಂಗಿನ್ಕಾಯಿ ಸಿಕ್ಕಾಕ್ಕೊಂಡೈತೆ!”

ಲಕ್ಷ್ಮೀಪತಿ ತಲೆಯೆತ್ತಿ, ನೆರೆದವರಿಗೆ ಕ್ಷಮೆ ಕೇಳುವ ದನಿಯಲ್ಲಿ, “ಬೆಳಗ್ಗಿಂದ ಊಟ ಮಾಡಿಲ್ಲ, ಪಾಪ. ಏನೇನೋ ಅಂತಾಳೆ,” ಎಂದ.

ಅಲ್ಲಿಗೆ ಚಂದ್ರಲೇಖಾ ಗಂಡನಿಗೆ ಹೇಳುವುದನ್ನು ನಿಲ್ಲಿಸಿದಳು. ಮೂವತ್ತು ಹೆಂಗಸರು ಸುತ್ತ ನಿಂತಿರುವಾಗ ಒಬ್ಬ ಗಂಡಸಿನ ಕಿವಿಯನ್ನು ನೆಚ್ಚಿ ಕೂತದ್ದೇ ತಪ್ಪು ಎನಿಸಿತು.

ಹೊರಗೆ ಮುನಿರತ್ನಮ್ಮ ಸೆರಗು ಸೊಂಟಕ್ಕೆ ಸಿಗಿಸಿ ತೀರ್ಮಾನ ಹೇಳುತ್ತಿದ್ದಳು: “ಇವ್ರ ರಿಪೋರ್ಟು ಗಿಪೋರ್ಟು ನಂಗೊತ್ತಿಲ್ಲ. ಬನ್ರೇ, ಎತ್ತಿ ಚರಂಡಿಗೆ ಉರುಳ್ಸಾಣ!”

“ಅಕ್ಕಾ!” ಎಂದಳು ಚಂದ್ರಲೇಖಾ ಕಿಂಡಿಯಿಂದ. “ಉರುಳ್ಸೋದಾದ್ರೆ ಎಡಗಡೆಯಿಂದ ಎತ್ತಿ. ಬಲಗಡೆ ಭಾರ.”

ಮುನಿರತ್ನಮ್ಮ ಬಗ್ಗಿ ನೋಡಿದಳು. ಜಾಲರಿಯ ಹಿಂದೆ ಬೆವರಿಳಿದ ಮುಖ, ದೊಡ್ಡ ಕುಂಕುಮ, ಗಾಬರಿಯಿಲ್ಲದ ಕಣ್ಣು. “ಒಳಗೆ ನೀನಿದ್ದೀಯಲ್ಲವ್ವಾ?”

“ಇದ್ರೇನು? ನಾನ್ ಹಿಡ್ಕೊಂಡಿರ್ತೀನಿ. ನಾನು ‘ಹೋ’ ಅನ್ನೋ ಗಂಟ ಬಿಡ್ಬೇಡಿ.”

ಉರುಳಿಸುವ ವಸ್ತುವಿನೊಳಗಿನಿಂದಲೇ ಹೀಗೆ ಸಹಕಾರ ಸಿಕ್ಕಿದ್ದು ಮುನಿರತ್ನಮ್ಮನ ಹೋರಾಟದ ಜೀವನದಲ್ಲಿ ಅದೇ ಮೊದಲು. ಅವಳು ಕೈ ಹಾಕಿದಳು. ಮೂವತ್ತು ಜೊತೆ ಕೈ ಎಡ ಅಂಚಿಗೆ ಬಿದ್ದವು. ರಾಗಿ ಮೂಟೆ ಎತ್ತಿದ ಕೈ, ಹೂವಿನ ಬುಟ್ಟಿ ಹೊತ್ತ ಕೈ, ಕಂಪನಿಯಲ್ಲಿ ಪೆಟ್ಟಿಗೆ ಜೋಡಿಸುವ ಕೈ. ಚೆಲುವಮ್ಮ ಕೈ ಹಾಕಲು ಜಾಗ ಸಿಗದೆ ಮುಂದಿನವಳ ಬೆನ್ನು ತಳ್ಳಿದಳು.

“ಐಲಸಾ ಅನ್ರೇ!”

ಲಕ್ಷ್ಮೀಪತಿ, “ಅಲೈನ್‌ಮೆಂಟು! ಅಲೈನ್‌ಮೆಂಟು ಹೋಯ್ತದೆ!” ಎಂದು ಬಾಯಿ ಬಡಿದುಕೊಂಡ. ಮನೆಯ ಎಡಭಾಗ ಒಂದು ಗೇಣು ಎದ್ದಿತು; ಒಂದು ಮೊಳ ಎದ್ದಿತು. ಪೆಟ್ಟಿಗೆಯೊಳಗೆ ಹಿಡಿತ ಸಡಿಲವಾಗಿ, ದೊಪ್ಪೆಂದು ಏನೋ ಬಿತ್ತು. ಹಿಂದೆಯೇ ಎಡಗಡೆಯ ಚಕ್ರ ತನ್ನಷ್ಟಕ್ಕೆ ತಾನು ಕೆಳಗಿಳಿಯಿತು.

“ಹೋ!” ಎಂದಳು ಚಂದ್ರಲೇಖಾ. ಐಸ್ ಪೆಟ್ಟಿಗೆಗೆ ಕಾಲು ಕೊಟ್ಟು ಹ್ಯಾಂಡಲ್ ಹಿಡಿದು ತಿರುಗಿಸಿದಳು. ಈ ಸಲ ಅದು ಹಿಟ್ಟಿನ ಗಿರಣಿಯ ಹಾಗೆ ಸಲೀಸಾಗಿ ತಿರುಗಿತು. ಹೆಂಗಸರು ಕೈಬಿಟ್ಟು ಹಿಂದೆ ಸರಿದರು. ಅವರ ಕಣ್ಣೆದುರೇ ಮನೆ ಮೈಮುರಿದುಕೊಂಡು ಎದ್ದು, ಎರಡು ಚಕ್ರದ ಮೇಲೆ ನಿಂತುಕೊಂಡಿತು. ಬಾಗಿಲು ತಾನಾಗಿ ಕಿರ್ರೆಂದು ತೆರೆಯಿತು.

ಯತಿರಾಜ್ ಬಗ್ಗಿ ನೋಡಿ, “ಒಂದು, ಎರಡು,” ಎಂದು ಎಣಿಸಿ, “ಈಗ ವಾಹನ,” ಎಂದರು.

“ವಾಹನವೋ ಗೀಹನವೋ, ನಮ್ಮೂರಾಗಿರಕೂಡ್ದು!” ಎಂದಳು ಮುನಿರತ್ನಮ್ಮ. “ತಳ್ರೇ ಊರಾಚೆಗೆ!”

“ಯಾವ್ ಕಡೆ ಅಕ್ಕಾ?” ಎಂದು ಯಾರೋ ಕೇಳಿದರು.

ಚಂದ್ರಲೇಖಾ ಬಾಗಿಲಲ್ಲಿ ನಿಂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಬೇರೆಯವರ ವಿಷಯ ಮಾತಾಡುವವಳ ಹಾಗೆ, “ಕೆರೆ ಕಡೆ ಇಳಿಜಾರೈತೆ,” ಎಂದಳು.

ಹೀಗೆ ಎಲ್.ಪಿ. ಒಂದರ ಮೆರವಣಿಗೆ ಹೊರಟಿತು. ಮುಂದೆ ನೊಗ ಹಿಡಿದು ಲಕ್ಷ್ಮೀಪತಿ. ಹಿಂದೆ ತಳ್ಳುತ್ತ, ಸರ್ಕಾರಕ್ಕೂ ಗಂಡಸರಿಗೂ ಧಿಕ್ಕಾರ ಕೂಗುತ್ತ ಮೂವತ್ತು ಹೆಂಗಸರು. ಅವರ ಹಿಂದೆ ಕ್ರಮ ತಪ್ಪದೆ, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಆವುಲಪ್ಪನ ಸಾಲು. ಕೊನೆಯಲ್ಲಿ ಬೈಕ್ ತಳ್ಳಿಕೊಂಡು ಯತಿರಾಜ್. ಅವರೂ ಪೂಜೆಯಾಗದೆ ಬೈಕ್ ಸ್ಟಾರ್ಟ್ ಮಾಡುವವರಲ್ಲ. ಸೂರ್ಯ ಇನ್ನೂ ಎರಡು ಮೊಳ ಮೇಲಿರುವಾಗಲೇ ಮೂರನೆಯ ಗೂಟದ ಹತ್ತಿರ ಇಳಿಜಾರು ಮುಗಿದು, ಗಾಡಿ ತಾನೇ ನಿಂತಿತು. ಮುನಿರತ್ನಮ್ಮ ಕೈಕೊಡವಿ, “ಹ್ಞಾ, ಇಲ್ಲೇ ಕೊಳೀಲಿ!” ಎಂದಳು.

ಮುನಿವೆಂಕಟಪ್ಪ ಹಲ್ಲುಕಡ್ಡಿ ಎಸೆದ.

ಯತಿರಾಜ್ ಕಾಗದವನ್ನು ಈ ಸಲ ಪೂರ್ತಿ ಓದಿ, ಚಂದ್ರಲೇಖಾಳ ಕೈಗಿಟ್ಟು ಹೇಳಿದರು: “ಮೀನು ಹುರಿದು ಮಾರೋಕೆ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. “ಮೀನಾ?” ಎಂದಳು ಮುನಿರತ್ನಮ್ಮ.

“ಬೆಳಗ್ಗಿಂದ ಅದನ್ನೇ ಅಲ್ವಾ ನಾನ್ ಹೇಳ್ತಿರೋದು!” ಎಂದ ಲಕ್ಷ್ಮೀಪತಿ ನೊಂದು.

“ನೀನೆಲ್ಲಪ್ಪಾ ಹೇಳ್ದೆ? ನೀನ್ ಹೇಳಿದ್ದು ಐಸು, ತೂತು!” ಎಂದವಳು, ಸೆರಗಿನೊಳಗಿಂದ ಏನನ್ನೋ ತೆಗೆದಳು. ಹಳದಿ ಬಟ್ಟೆಯ ಗಂಟು. ಒಂದು ಪಕ್ಕ ಗ್ರೀಸು. ಒಳಗಿನ ಕಾಯಿ ಮಾತ್ರ ಬಿರುಕೂ ಬಿಟ್ಟಿರಲಿಲ್ಲ. “ಅಲ್ಲಿ ಬಿದ್ದಿತ್ತು. ಯಾರ್ದು ಇದು?”

ಲಕ್ಷ್ಮೀಪತಿ ಕಾಯಿಯನ್ನು ನೋಡಿದ. ಎಡಗಡೆಯ ಪೆಟ್ಟಿಗೆಯನ್ನು ನೋಡಿದ. ಕನ್ನಡಕ ತೆಗೆದ.

“ಮೂರು ಸಲ ಹೇಳ್ದೆ,” ಎಂದಳು ಚಂದ್ರಲೇಖಾ.

ಅವನು ಕನ್ನಡಕ ಹಾಕಿಕೊಂಡ.

ವಿಜಯದಶಮಿಯ ಬೆಳಗ್ಗೆ ಭೈರೇಶನ ಟ್ರಾಕ್ಟರು ಮೀನು ತಂದಿತು. ಬಾಣಲೆ ಚೊರ್ ಎಂದಿತು. ಕಿಂಡಿಯ ಕೆಳಗೆ ಆವುಲಪ್ಪನ ಚಪ್ಪಲಿ ಆಗಲೇ ಬಂದು ಕೂತಿತ್ತು. ಅವನು ಮನೆಯಿಂದ ತಂದ ಸ್ಟೀಲ್ ಲೋಟವನ್ನು ಕಿಂಡಿಯೊಳಗೆ ನೀಡಿದ. ಚಂದ್ರಲೇಖಾ ಲೋಟದ ಮೇಲೆ ಎಲೆಯಿಟ್ಟು, ಎಲೆಯ ಮೇಲೆ ಎರಡು ತುಂಡು ಮೀನಿಟ್ಟು ಹೊರಗೆ ಕೊಟ್ಟಳು. ಅವನು ಎಲೆ ಎತ್ತಿ ಲೋಟದೊಳಗೆ ನೋಡಿದ. ಮತ್ತೆ ನೋಡಿದ. ಮೀನು ತಿಂದ. ಕಣ್ಣು ಮುಚ್ಚಿ ಇನ್ನೊಂದು ತುಂಡು ತಿಂದ. “ಇದು ಮೊದ್ಲು ಕೊಡೋದು. ಅದು ಆಮೇಲೆ ಬತ್ತದೆ,” ಎಂದು ಹಿಂದಿನವನಿಗೆ ಸಮಾಧಾನ ಹೇಳಿ, ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತ. ಮುನಿರತ್ನಮ್ಮ ಸಂಘದವರನ್ನು ಕಟ್ಟಿಕೊಂಡು ತಪಾಸಣೆಗೆ ಬಂದಳು. ತಪಾಸಣೆಗೆ ತಲೆಗೆರಡು ತುಂಡು ಬೇಕಾಯಿತು. ಇನ್ನು ವಾರಕ್ಕೊಮ್ಮೆ ತಪಾಸಣೆ ಇರುತ್ತದೆಂದೂ, ಸಂಜೆ ಗಾಡಿ ತಳ್ಳಲು ಜನ ಬೇಕಾದರೆ ಕೂಗಬೇಕೆಂದೂ ಹೇಳಿ ಹೋದಳು.

ಚಂದ್ರಲೇಖಾ ಹರಕೆಯ ಕಾಯಿಯನ್ನು ಗೂಟದ ಬುಡಕ್ಕೆ ಒಡೆದಳು. ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಯಿತು.

ಮಧ್ಯಾಹ್ನ ಕೈ ಬಿಡುವಾದಾಗ ಅವಳು ಹೊರಗೆ ಬಂದು ಗಾಡಿಗೊಂದು ಸುತ್ತು ಹಾಕಿದಳು. ಎಡಗಡೆಯ ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ, ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹೊಸದಾಗಿ ಬರೆದಿತ್ತು: ‘ಇದರೊಳಗೆ ಏನನ್ನೂ ಕಟ್ಟಬಾರದು’. ಅಕ್ಷರಗಳು ಗಂಡನವು, ಸ್ಕೇಲ್ ಇಟ್ಟು ಬರೆದವು. ಅದರ ಪಕ್ಕದಲ್ಲಿ, ಪೆಟ್ಟಿಗೆಯ ಹೊರಗೆ, ಚಕ್ರದ ತೋಳು ಎಲ್ಲಿ ಹೋದರೂ ತಾಗದಷ್ಟು ದೂರ ಅಳತೆ ಮಾಡಿ ಹೊಡೆದ ಒಂದು ಹೊಸ ಕೊಕ್ಕೆ. ಕೊಕ್ಕೆಯಲ್ಲಿ ಹಳದಿ ಬಟ್ಟೆಯ ಗಂಟು, ಒಳಗೊಂದು ದಪ್ಪ ತೆಂಗಿನಕಾಯಿ.

ಇದನ್ನು ಅವಳು ಕಟ್ಟಿರಲಿಲ್ಲ. ತಿರುಗಿ ನೋಡಿದಳು. ಲಕ್ಷ್ಮೀಪತಿ ಕೆರೆಯ ನೀರಿನ ಅಂಚಿಗೆ ಕುಕ್ಕರುಗಾಲಲ್ಲಿ ಕೂತು, ಯಾರೂ ನೋಡುತ್ತಿಲ್ಲವೆಂದುಕೊಂಡು, ಬೆರಳ ಸಂದಿಯ ಅರಿಶಿನವನ್ನು ಮರಳು ಹಾಕಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ.